ಬೀಗರು ಕೊಟ್ಟ ಕಾರಿನ ಕೆಂಪು ದೀಪ

ಮದುವೆಯಾದ ಲಾಗಾಯ್ತು ಇರಿಸ್‌ಬೆಕ್ ಒಂದು ಚಹದ ಬಟ್ಟಲನ್ನೂ ತೊಳೆದವನಲ್ಲ. ಅಂಥವನು ಕಾರು ಮನೆಗೆ ಬಂದ ಮರುದಿನ ಬೆಳಿಗ್ಗೆ ಬಿಸಿನೀರಿನ ಬಕೆಟ್ಟು, ಸೋಪು, ಹೆಂಡತಿಯ ಹೊಸ ಟವೆಲು ಹಿಡಿದು ಅಂಗಳಕ್ಕಿಳಿದು ಚಕ್ರ ಉಜ್ಜತೊಡಗಿದ. ಕಿಟಕಿಯಲ್ಲಿ ನಿಂತಿದ್ದ ಬುರುಲ್‌ಗೆ ಮೊದಲು ನಗು ಬಂತು, ಆಮೇಲೆ ಸಣ್ಣಗೆ ಹೊಟ್ಟೆ ಉರಿಯಿತು. ಬಾಣಂತಿಯಾಗಿ ಮಲಗಿದ್ದಾಗಲೂ ತನ್ನ ಕಾಲಿಗೆ ಇಷ್ಟು ಬಿಸಿನೀರು ಬಿದ್ದಿರಲಿಲ್ಲ.

ಕಾರು ಬೀಗರ ಮನೆಯದು. ಬುರುಲ್‌ಳ ಒಬ್ಬಳೇ ಮಗಳು ನಾಜಿಕ್‌ಳನ್ನು ಆ ವರ್ಷದ ವಸಂತದಲ್ಲಿ ದೊಲೋನ್ ಕಣಿವೆಯ ಆಚೆಗಿನ ನಾರಿನ್ ಊರಿಗೆ ಕೊಟ್ಟಿದ್ದರು. ಬೀಗ ದುಯ್‌ಶೋನ್ ಹೊಸ ಕಾರು ಕೊಂಡಾಗ, ಜಪಾನಿನಿಂದ ಬಂದಿದ್ದ ತನ್ನ ಹಳೆಯ ಬೂದು ಕಾರನ್ನು ಇರಿಸ್‌ಬೆಕ್‌ನ ಕೆಂದು ಕುದುರೆಗೆ ಬದಲಾಗಿ ಕೊಡುವುದೆಂದು ಮಾತಾಯಿತು. ಕುದುರೆ ಗೊಡ್ಡು. ಆದರೆ ಬೇಸಿಗೆಯೆಲ್ಲ ಬೆಟ್ಟದ ಹುಲ್ಲು ಮೇಯ್ದು ನಡೆದರೆ ತೊಡೆ ತೊಡೆಗೆ ತಾಗುವಷ್ಟು ಕೊಬ್ಬಿತ್ತು. ಮನೆಮನೆಯಲ್ಲೂ ಚಳಿಗಾಲಕ್ಕೆಂದು ಕುದುರೆ ಕಡಿದು ಮಾಂಸ ಕೂಡಿಡುವ ನವೆಂಬರ್ ಅದು; ಬೀಗರಿಗೆ ಬೇಕಾದದ್ದೂ ಅಂಥದ್ದೇ. ಕುದುರೆ ಲಾರಿಯಲ್ಲಿ ಮೊದಲು ಹೋಯಿತು. ಕೆಲವು ದಿನ ಬಿಟ್ಟು ಇರಿಸ್‌ಬೆಕ್ ಒಬ್ಬನೇ ಬಸ್ಸಿನಲ್ಲಿ ಹೋಗಿ ಕಾರು ಓಡಿಸಿಕೊಂಡು ತಮ್ಮೂರು ಕೊಚ್ಕೋರಿಗೆ ಬಂದ. ಬರುವಾಗ ಕಣಿವೆಯ ಗುಂಡಿಗಳಲ್ಲಿ ಕುಕ್ಕಿದ್ದೇ ಎದುರಿನ ಫಲಕದಲ್ಲೊಂದು ಕೆಂಪು ದೀಪ ಹತ್ತಿಕೊಂಡಿತ್ತು. ಮತ್ತೆ ಆರಲಿಲ್ಲ.

ಇರಿಸ್‌ಬೆಕ್ ನೀರಾವರಿ ಕಚೇರಿಯ ಉಗ್ರಾಣದಲ್ಲಿ ಗುದ್ದಲಿ, ಪೈಪು ಕಾಯುವವನು. ಸಾಧು ಮನುಷ್ಯ. ಸಾಧು ಮನುಷ್ಯರಿಗೆ ಕಾರು ಬಂದರೆ ಏನಾಗುತ್ತದೆ ಎನ್ನುವುದನ್ನು ಯಾರೂ ಮುಂಚಿತವಾಗಿ ಹೇಳಲಾರರು. ಸೀಟುಗಳಿಗೆ ಹೊದಿಸಿದ್ದ ಪಾರದರ್ಶಕ ಪ್ಲಾಸ್ಟಿಕ್ಕನ್ನು ಅವನು ತೆಗೆಯಲಿಲ್ಲ, ಯಾರಿಗೂ ತೆಗೆಯಗೊಡಲಿಲ್ಲ. ಒಳಗೆ ಗುಡಿಸಲು ಪೊರಕೆ ಹಿಡಿದು ಬಂದ ಬುರುಲ್‌ಳನ್ನು ಬಾಗಿಲಲ್ಲೇ ತಡೆದ. "ಒಳಗೆ ಧೂಳಿಲ್ಲ. ಬೀಗರ ಕೈಯಿಂದ ಬಂದದ್ದು ಹೇಗೆ ಬಂತೋ ಹಾಗೇ ಇರಲಿ." ಮುಂದಿನ ಪಕ್ಕದ ಸೀಟಿನಲ್ಲಿ ಯಾರೂ ಕೂರಬಾರದೆಂಬ ಕಟ್ಟಳೆಯೂ ಆಯಿತು. ಅದು ಹಿರಿಯರಿಗೆ, ಅತಿಥಿಗಳಿಗೆ. ಬುರುಲ್ ಹಿಂದೆ. ಅದೇನೂ ಹೊಸದಲ್ಲ, ಗಾಡಿ, ಲಾರಿ, ಬಾಡಿಗೆ ಕಾರು, ಯಾವುದರಲ್ಲೂ ಅವಳು ಮುಂದೆ ಕೂತವಳಲ್ಲ. ಮುಂದಿನ ಗಾಜಿನಿಂದ ರಸ್ತೆ ಹೇಗೆ ಕಾಣುತ್ತದೆ ಎಂಬುದನ್ನು ಅವಳು ಜೀವಮಾನವಿಡೀ ಗಂಡಸರ ಕಿವಿಗಳ ನಡುವಿನ ಸಂದಿಯಿಂದಲೇ ಅರಿತಿದ್ದಳು.

ಹೊಸ ಕಾರಿಗೆ ಶುಭ ಹಾರೈಸಲು ಮೊದಲು ಬಂದವಳು ಪಕ್ಕದ ಮನೆಯ ಬಾತ್ಮಾ ಅಜ್ಜಿ. ಮುಷ್ಟಿ ತುಂಬ ಮಿಠಾಯಿ ಕಾರಿನ ನೆತ್ತಿಗೆ ಎರಚಿ, ಕುತ್ತಿಗೆ ಒಳಗೆ ಹಾಕಿ, ಆ ದೀಪ ಏನೆಂದು ಕೇಳಿದಳು. ದೀಪದಲ್ಲಿ ಒಂದು ಚಿತ್ರವಿತ್ತು: ಕೂತಿರುವ ಒಬ್ಬ ಮನುಷ್ಯ, ಅವನ ಮುಂದೆ ತೊಡೆಯ ಮೇಲೊಂದು ದುಂಡನೆಯ ಗಂಟು. ಗೊತ್ತಿಲ್ಲ ಎಂದುಬಿಟ್ಟಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಇರಿಸ್‌ಬೆಕ್ ಗಂಟಲು ಸರಿಮಾಡಿಕೊಂಡ.

"ಅದು ಮರ್ಯಾದೆ ದೀಪ, ಅಜ್ಜಿ. ಯಜಮಾನ ಕೂತಿದಾನೆ ಅಂತ ಕಾರಿಗೆ ಗೊತ್ತಾದಾಗ ಹತ್ತತ್ತೆ. ಜಪಾನಿನವರು ಇಂಥದ್ರಲ್ಲಿ ಎತ್ತಿದ ಕೈ."

"ಹೊಟ್ಟೆ ನೋಡಿದ್ರೆ ನಿನ್ನ ಚಿತ್ರಾನೇ ಬರೆದಿದಾರೆ ಬಿಡು," ಎಂದಳು ಅಜ್ಜಿ.

ಸಂಜೆಯೊಳಗೆ ಬೀದಿಯಲ್ಲೆಲ್ಲ ಮರ್ಯಾದೆ ದೀಪದ ಸುದ್ದಿ. ದುರದೃಷ್ಟಕ್ಕೆ ಅಜ್ಜಿಯ ಮೊಮ್ಮಗ ಬಿಷ್ಕೆಕ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ಅಜ್ಜಿ ಅವನಿಗೂ ಫೋನಿನಲ್ಲಿ ವರ್ಣಿಸಿದಳು. ಬೆಳಗಾಗುವಷ್ಟರಲ್ಲಿ ಬೀದಿಗೆ ತಿಳಿದದ್ದು ಬೇರೆ: ಅದು ಏರ್‌ಬ್ಯಾಗಿನ ದೀಪ, ಕಾರು ಗುದ್ದಿದಾಗ ಉಬ್ಬಿ ಜೀವ ಉಳಿಸುವ ಗಾಳಿಚೀಲ ಕೆಟ್ಟಿದ್ದರೆ ಮಾತ್ರ ಅದು ಹತ್ತಿರುತ್ತದೆ. ಅಜ್ಜಿ ಇದನ್ನು ಬೇಲಿಯ ಮೇಲಿಂದ, ಯಾರಿಗೂ ಕೇಳಿಸದ ಹಾಗೆ, ಇಡೀ ಬೀದಿಗೆ ಕೇಳುವಂತೆ ಹೇಳಿದಳು.

ಗಂಡ ಮೆಕ್ಯಾನಿಕ್ ಕುಬಾತ್‌ನ ಬಳಿ ಹೊರಟಾಗ ಬುರುಲ್ ತಾನೂ ಹಿಂದಿನ ಸೀಟಿನಲ್ಲಿ ಕೂತಳು. ಗಂಡ ಕೇಳಿಸಿಕೊಂಡ ಮಾತು ಮನೆಗೆ ಬರುವಷ್ಟರಲ್ಲಿ ಬೇರೆಯ ಮಾತಾಗಿರುತ್ತದೆ ಎಂಬುದು ಅವಳ ಅನುಭವ. ಕುಬಾತ್ ಅಂಗೈಯಗಲದ ಯಂತ್ರವೊಂದನ್ನು ಕಾರಿಗೆ ಚುಚ್ಚಿ ನೋಡಿ, ತೊಂದರೆ ಮುಂದಿನ ಪಕ್ಕದ ಸೀಟಿನ ಕಡೆಯದು ಎಂದ. ಒಂದೋ ಸೀಟಿನ ಕೆಳಗಿನ ತಂತಿ ಸಡಿಲಾಗಿದೆ. ಹತ್ತರಲ್ಲಿ ಒಂಬತ್ತು ಕಾರಿನಲ್ಲಿ ಅದೇ. ಇಲ್ಲವೇ ಹಿಂದೊಮ್ಮೆ ಕಾರು ಗುದ್ದಿ ಚೀಲ ಒಡೆದಿದೆ, ಮಾರುವವರು ಅದರ ಜಾಗಕ್ಕೆ ಚಿಂದಿ ತುರುಕಿ ಮುಚ್ಚಿದ್ದಾರೆ. ಸೀಟು ಬಿಚ್ಚಿದರೆ ಗೊತ್ತಾಗುತ್ತದೆ, ಪ್ಲಾಸ್ಟಿಕ್ ಹರಿಯಬೇಕಾಗುತ್ತದೆ, ಅಷ್ಟೆ.

ಇರಿಸ್‌ಬೆಕ್ ಸೀಟಿಗೆ ಅಡ್ಡ ನಿಂತ. "ಪ್ಲಾಸ್ಟಿಕ್ ಹರಿಯೋ ಹಾಗಿಲ್ಲ."

"ಹಾಗಾದ್ರೆ ನಾನೇನು ಕಣಿ ಹೇಳ್ಲಾ?" ಎಂದ ಕುಬಾತ್. ಆಮೇಲೆ ಮೂಗರಳಿಸಿದ. "ಏನೋ ಹೊಗೆ ವಾಸನೆ ಬರ್ತಿದೆಯಲ್ಲ. ತಂತಿ ಗಿಂತಿ ಸುಡ್ತಿದೆಯಾ ನೋಡ್ಕೊಳ್ಳಿ."

ಹತ್ತರಲ್ಲಿ ಒಂಬತ್ತು ಎಂಬ ಮಾತು ಇರಿಸ್‌ಬೆಕ್‌ನ ಒಂದು ಕಿವಿಯಿಂದ ಒಳಹೋಗಿ ಇನ್ನೊಂದರಿಂದ ಹೊರಬಂತು. ಉಳಿದದ್ದು ಚಿಂದಿ ಮತ್ತು ಹೊಗೆ. ಹಿಂದೆ ಕೂತಿದ್ದ ಬುರುಲ್‌ಳ ಚಿಂತೆ ಕಾರಿನದಲ್ಲ. ಗುದ್ದಿದ ಕಾರನ್ನು ಗುದ್ದಿಲ್ಲವೆಂದು ಕೊಟ್ಟವರ ಮನೆಯಲ್ಲಿ ಮಗಳು ಬದುಕಬೇಕು. ಹೋಗಿ ಕೇಳಿದರೆ ಬೀಗತನ ಮುರಿಯುತ್ತದೆ; ಅಳಿಯ ನೂರು ವರ್ಷದ ನೆಂಟ, ಬೀಗ ಸಾವಿರ ವರ್ಷದ ನೆಂಟ ಎಂದು ಗಾದೆಯೇ ಇದೆ. ಕೇಳದಿದ್ದರೆ ಈ ಸಾವಿರ ವರ್ಷವನ್ನು ಸುಳ್ಳಿನ ಮೇಲೆ ದೂಡಬೇಕು.

ಇಷ್ಟರ ಮೇಲೆ ನಾಯಿ. ಮನೆಯ ನಾಯಿ ಅಕ್ತೋಷ್ ಕಾರಿನ ಎಡಬಾಗಿಲ ಹತ್ತಿರ ಕೂತಿದ್ದು ಕೂತೇ ಬಿಟ್ಟಿತು. ಊಟಕ್ಕೆ ಕರೆದರೂ ಎದ್ದು ಬರಲಿಲ್ಲ, ಬಾಗಿಲು ನೋಡಿ ಸಣ್ಣಗೆ ಅಳುತ್ತಿತ್ತು. ಮರುದಿನ ಬೀದಿಯ ನಾಯಿಗಳೂ ಬಂದು ಸಭೆ ಸೇರಿದವು. ಕಾರು ಹೊರಟರೆ ಹಿಂದೆ ಓಡಿದವು. ಕಚೇರಿಯವರೆಗೆ ಮೆರವಣಿಗೆಯಲ್ಲಿ ಹೋಗಿ, ಸಂಜೆ ಮೆರವಣಿಗೆಯಲ್ಲಿ ಬರುವ ಉಗ್ರಾಣದವನನ್ನು ಕೊಚ್ಕೋರ್ ಹಿಂದೆ ಕಂಡಿರಲಿಲ್ಲ.

ಬಾತ್ಮಾ ಅಜ್ಜಿ ಬೇಲಿ ದಾಟಿ ಬಂದು ಗಂಭೀರವಾಗಿ ಹೇಳಿದಳು: "ನಾಯಿ ಸುಮ್ನೆ ಅಳಲ್ಲ ಕಣೇ ಬುರುಲ್. ಆ ಸೀಟಲ್ಲಿ ಯಾರದೋ ರಕ್ತ ಬಿದ್ದಿದೆ. ಜಪಾನಿನವನೋ, ನಮ್ಮವನೋ. ಸತ್ತೋನು ಇನ್ನೂ ಇಳಿದಿಲ್ಲ."

ಅವನನ್ನು ಇಳಿಸಲು ಅಜ್ಜಿ ಒಂದು ಬಾಣಲೆಯಲ್ಲಿ ಆರ್ಚಾ ಮರದ ರೆಂಬೆ ಹೊತ್ತಿಸಿಕೊಂಡು ಬಂದು ಕಾರಿನ ನಾಲ್ಕೂ ಬಾಗಿಲು ತೆಗೆಸಿ ಹೊಗೆ ಹಾಕಿದಳು. ಅಲ್ಲಿಂದ ಮುಂದೆ ಕಾರಿನ ಮೊದಲ ಹೊಗೆ ಯಾವುದು, ಅಜ್ಜಿಯ ಹೊಗೆ ಯಾವುದು ಎಂದು ಯಾವ ಮೂಗಿಗೂ ತಿಳಿಯದಂತಾಯಿತು.

ಆ ವಾರ ನಾಜಿಕ್ ಫೋನ್ ಮಾಡಿದಳು. ಅತ್ತೆ ಕುಮುಶ್ ಪಕ್ಕದಲ್ಲೇ ಇದ್ದಾಳೆಂದು ಬುರುಲ್‌ಗೆ ಮಗಳ ದನಿಯಿಂದಲೇ ಗೊತ್ತಾಯಿತು; ಅಕ್ಷರ ಅಕ್ಷರವನ್ನೂ ತಟ್ಟೆಯಲ್ಲಿಟ್ಟು ಕೊಡುತ್ತಿದ್ದಳು.

"ಅಮ್ಮಾ, ಅತ್ತೆ ಕೇಳ್ತಿದಾರೆ. ಕಾರು ಚೆನ್ನಾಗಿದೆಯಾ? ಒಳಗೆಲ್ಲಾ ಸರಿಯಾಗಿ ನೋಡಿದ್ರಾ ಅಂತ."

ಬುರುಲ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಒಳಗೆ ನೋಡಿದ್ರಾ! ಕಳ್ಳನೇ ಬಂದು ಬೀಗ ಭದ್ರವಾಗಿದೆಯಾ ಎಂದು ಕೇಳಿದ ಹಾಗೆ. ಅವಳು ಆದಷ್ಟು ಮೆತ್ತಗೆ, ಆದಷ್ಟು ಒಣದನಿಯಲ್ಲಿ ಹೇಳಿದಳು: "ನೋಡಿದ್ವಿ ಅಂತ ಹೇಳಮ್ಮ. ಒಳಗೇನಿದೆ ಅಂತ ನಮಗೆ ಗೊತ್ತಾಗಿದೆ."

ಆಚೆ ಕಡೆ ಪಿಸುಮಾತು. ಆಮೇಲೆ ನಾಜಿಕ್ ಇನ್ನೂ ಸಣ್ಣ ದನಿಯಲ್ಲಿ, "ಗೊತ್ತಾದ್ಮೇಲೂ ಏನೂ ಹೇಳೋದಿಲ್ವಾ ಅಂತ ಕೇಳ್ತಿದಾರೆ," ಎಂದಳು.

"ಹೇಳೋ ಮಾತು ಬಾಯಿಗೆ ಬರಲ್ಲ ಅನ್ನು. ಸಂಬಂಧ ದೊಡ್ಡದು, ಅದಕ್ಕೇ ಸುಮ್ನಿದೀವಿ."

ಫೋನು ಕಟ್ಟಾಯಿತು. ಮಗಳು ಮತ್ತೆ ಮಾಡಲಿಲ್ಲ. ಬುರುಲ್ ತಾನೇ ಮಾಡಿದಾಗ ಹೂಂ, ಉಹೂಂ ಎರಡೇ ಮಾತು. ಕೊನೆಗೊಂದು ದಿನ, "ಅಮ್ಮಾ, ಅತ್ತೆ ಅಡಿಗೆಮನೆಯಲ್ಲಿ ನನ್ನ ಜೊತೆ ಮಾತೇ ಬಿಟ್ಟಿದಾರೆ," ಎಂದು ಹೇಳಿ ಅಳು ನುಂಗಿದಳು. ಚಳಿಗಾಲದ ಮಾಂಸ ಕೂಡಿಟ್ಟ ಮೇಲೆ ಬೀಗರನ್ನು ಊಟಕ್ಕೆ ಕರೆಯುವುದು ವಾಡಿಕೆ. ಬೀದಿಯಲ್ಲಿ ಎಲ್ಲರಿಗೂ ಅವರವರ ಬೀಗರಿಂದ ಕರೆ ಬಂತು, ಉಂಡು ಬಂದು ಹಲ್ಲಿಗೆ ಕಡ್ಡಿ ಹಾಕಿದ್ದೂ ಆಯಿತು. ಇವರಿಗೆ ಇಲ್ಲ. "ಇನ್ನೂ ಕರೆದಿಲ್ವಾ?" ಎಂದು ಬಾತ್ಮಾ ಅಜ್ಜಿ ದಿನಕ್ಕೊಮ್ಮೆ ವಿಚಾರಿಸಿ, ದಿನಕ್ಕೊಮ್ಮೆ ಲೊಚಗುಟ್ಟಿ ಹೋಗುತ್ತಿದ್ದಳು.

ಕಂಬಳಿಗೆ ಉಣ್ಣೆ ಹೊಲಿಯುತ್ತ ಕೂತಿದ್ದ ಬುರುಲ್ ಒಂದು ಬೆಳಿಗ್ಗೆ ಸೂಜಿ ಪಕ್ಕಕ್ಕಿಟ್ಟಳು. ಅವರು ಕರೆಯದಿದ್ದರೆ ತಾವೇ ಹೋಗುವುದು. ಕಾರು ಅವರ ಅಂಗಳದಲ್ಲಿ ಬಿಟ್ಟು, ಕುದುರೆಯ ಮಾತೇ ಎತ್ತದೆ, ಮಗಳ ಮುಖ ನೋಡಿಕೊಂಡು ಬಸ್ಸಿನಲ್ಲಿ ಬರುವುದು. ಇರಿಸ್‌ಬೆಕ್ ಒಪ್ಪಿದ. ಆದರೆ ಚಿಂದಿ ತುಂಬಿದ ಚೀಲ ನಂಬಿ ಕಣಿವೆ ದಾಟಲು ಅವನಿಗೆ ಧೈರ್ಯವಿರಲಿಲ್ಲ. ಮಗಳ ಮದುವೆಗೆಂದು ಮಾಡಿ ಉಳಿದಿದ್ದ ಗರಿಯ ದಿಂಬೊಂದನ್ನು ಎದೆಗೆ ಹಗ್ಗದಿಂದ ಬಿಗಿದುಕೊಂಡ. ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ನಾಲ್ಕು ರಜಾಯಿಗಳ ನಡುವೆ ಮೊಟ್ಟೆಯಂತೆ ಇಟ್ಟ.

ಕಣಿವೆಯ ತಪಾಸಣೆ ಕಟ್ಟೆಯಲ್ಲಿ ಪೊಲೀಸಿನವನು ಕೈ ಅಡ್ಡ ಹಾಕಿದ. ಎತ್ತಿನ ಗಾಡಿಯ ವೇಗದಲ್ಲಿ ಬಂದ ಕಾರನ್ನು ಅವನು ಅನುಮಾನದಿಂದ ನೋಡಿದ, ಆಮೇಲೆ ದಿಂಬನ್ನು ನೋಡಿದ.

"ಇದೇನು?"

"ಏರ್‌ಬ್ಯಾಗ್," ಎಂದ ಇರಿಸ್‌ಬೆಕ್.

ಪೊಲೀಸಿನವನು ತನ್ನ ಜೊತೆಗಾರನನ್ನು ಕರೆದು ತೋರಿಸಿದ. ಜೊತೆಗಾರ ಇನ್ನೊಬ್ಬನನ್ನು ಕರೆದ. ಮೂವರೂ ಬಹಳ ಹೊತ್ತು ಸಮಾಲೋಚಿಸಿದರು. "ಬೆಲ್ಟ್ ಹಾಕ್ಕೊಳ್ಳದೇ ಇದ್ದೋರ ಮೇಲೆ ಕೇಸ್ ಹಾಕಿದೀನಿ," ಎಂದ ಮೊದಲನೆಯವನು ಕೊನೆಗೆ, "ದಿಂಬು ಹಾಕ್ಕೊಂಡೋರ ಮೇಲೆ ಯಾವ ಕಾನೂನೋ ನಂಗೆ ಗೊತ್ತಿಲ್ಲ. ಹೋಗಿ, ಹೋಗಿ." ಅಷ್ಟರಲ್ಲಿ ಕಟ್ಟೆಯ ನಾಯಿ ಎಡಬಾಗಿಲಿಗೆ ಮುಂಗಾಲೂರಿ ಗೋಳಿಡತೊಡಗಿತ್ತು. ಹಿಂದಿನ ಸೀಟಿನ ರಜಾಯಿಗಳ ಒಳಗೆ ಬುರುಲ್ ಕಣ್ಣು ಮುಚ್ಚಿ ದೇವರನ್ನು ನೆನೆದಳು.

ಬೀಗರ ಮನೆಯಲ್ಲಿ ಬಾಗಿಲು ತೆರೆಯಿತು, ಮುಖಗಳು ತೆರೆಯಲಿಲ್ಲ. ದುಯ್‌ಶೋನ್ ಇರಿಸ್‌ಬೆಕ್‌ನ ಎದೆಯ ದಿಂಬು ನೋಡಿದ. ಕೇಳಲಿಲ್ಲ; ಮುನಿದಿರುವ ಬೀಗರ ದಿಂಬಿನ ವಿಚಾರ ಕೇಳುವುದು ಮರ್ಯಾದೆಯಲ್ಲ. ಜಮಖಾನದ ಮೇಲೆ ಕೂತರು. ಬುರುಲ್ ತಂದಿದ್ದ ಉಣ್ಣೆ ಕಂಬಳಿಯನ್ನು ಕುಮುಶ್ ಮುಟ್ಟದೆ ಪಕ್ಕಕ್ಕೆ ಸರಿಸಿದಳು. ನಾಜಿಕ್ ತಲೆವಸ್ತ್ರ ಹಣೆಯವರೆಗೆ ಎಳೆದುಕೊಂಡು ಚಹ ಸುರಿಯಲು ಕೂತಳು. ಸೊರಗಿದ್ದಳು.

ಅತಿಥಿಗೆ ಚಹ ಕೊಡುವುದು ಅರ್ಧ ಬಟ್ಟಲು. ಅರ್ಧ ಕುಡಿದರೆ ಇನ್ನರ್ಧ, ಹೀಗೇ ಕೂತಷ್ಟು ಹೊತ್ತು. ತುಂಬಿದ ಬಟ್ಟಲು ಕೊಟ್ಟರೆ ಕುಡಿದು ಎದ್ದು ಹೋಗಿ ಎಂದು ಅರ್ಥ. ಬಾಯಿಬಿಟ್ಟು ಹೇಳುವ ಕಷ್ಟ ಯಾರಿಗೂ ಇಲ್ಲ. ನಾಜಿಕ್ ತಾಯಿಯ ಬಟ್ಟಲಿಗೆ ಅರ್ಧ ಸುರಿದು ಕೈ ತಡೆದಳು.

"ತುಂಬಿಸು," ಎಂದಳು ಕುಮುಶ್.

ನಾಜಿಕ್ ಅತ್ತೆಯ ಮುಖ ನೋಡಿದಳು, ತಾಯಿಯ ಮುಖ ನೋಡಿದಳು. ಕೆಟಲು ಬಗ್ಗಿಸಿದಳು. ಚಹ ಕಂಠದವರೆಗೆ ಏರಿತು. ಸ್ವಂತ ಮಗಳ ಕೈಯಿಂದ ತುಂಬಿದ ಬಟ್ಟಲು ತೆಗೆದುಕೊಳ್ಳುವಾಗ ಬುರುಲ್ ಒಂದು ಹನಿಯನ್ನೂ ಚೆಲ್ಲಲಿಲ್ಲ. ಚೆಲ್ಲಿದ್ದರೆ ಮಗಳು ಅಳುತ್ತಿದ್ದಳು.

ಮಾತಾಡಬೇಕಾದವನು ಇರಿಸ್‌ಬೆಕ್. ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದ ಮಾತು ದಿಂಬಿನ ಹಗ್ಗಕ್ಕೆ ಸಿಕ್ಕಿಕೊಂಡಂತಿತ್ತು. ಅವನು ಹವೆಯ ಬಗ್ಗೆ ಎರಡು ಮಾತಾಡಿ ನಿಲ್ಲಿಸಿದ. ಬುರುಲ್ ಬಟ್ಟಲು ಕೆಳಗಿಟ್ಟಳು.

"ಬೀಗಿತ್ತಿ, ನಿಮ್ಮ ಮನೆಯಿಂದ ಬಂದದ್ದನ್ನ ನಾವು ಕಣ್ಣಿಗೊತ್ಕೊಂಡ್ವಿ. ಆದ್ರೆ ಒಳಗೆ ಚಿಂದಿ ತುರುಕಿ ಕೊಟ್ಟಿದೀರಾ ಅಂತ ಊರೆಲ್ಲಾ ಆಡ್ಕೊಳ್ಳುತ್ತೆ. ಅದಕ್ಕೆ ನಾವೇನಂತ ಉತ್ತರ ಹೇಳ್ಬೇಕು?"

ಕುಮುಶ್‌ಳ ಮುಖ ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತು. "ಚಿಂದಿನಾ? ಬಾಯಿ ಇದ್ದೋರು ಹಾಗಂತಾರಾ? ನನ್ನ ಕೈಯಾರೆ ತುಂಬಿದ್ದು ನಾನು. ಪಕ್ಕೆಲುಬಿನ ಮಾಂಸ, ಕೊಬ್ಬು, ಬೆಳ್ಳುಳ್ಳಿ, ಮೆಣಸು. ಆರ್ಚಾ ಹೊಗೇಲಿ ಎರಡು ದಿನ ಕಾದು ಕೂತಿದ್ದೆ. ಊರಿಗೆ ಊರೇ ಬಂದು ಚಿಂದಿ ಅಂದ್ರೂ ನೀವು ಅನ್ನಬಾರದಿತ್ತು."

ಏರ್‌ಬ್ಯಾಗಿನೊಳಗೆ ಬೆಳ್ಳುಳ್ಳಿ ಏಕೆ ಹಾಕುತ್ತಾರೆ ಎಂದು ಇರಿಸ್‌ಬೆಕ್ ಪ್ರಾಮಾಣಿಕವಾಗಿ ಯೋಚಿಸುತ್ತಿದ್ದುದು ಅವನ ಮುಖದಲ್ಲಿ ಕಾಣುತ್ತಿತ್ತು. ಆಗ ಹೊರಗಿನಿಂದ ಬೀಗರ ನಾಯಿ ಊಳಿಟ್ಟಿತು. ಬುರುಲ್ ಕಿಟಕಿಯತ್ತ ತಿರುಗಿದಳು. ಕರಡಿಯಷ್ಟು ದೊಡ್ಡ ನಾಯಿ ಕಾರಿನ ಎಡಬಾಗಿಲ ಹತ್ತಿರ, ಅಕ್ತೋಷ್ ಕೂತ ಭಂಗಿಯಲ್ಲೇ ಕೂತಿತ್ತು.

ನಾಯಿ. ಹೊಗೆ. ಒಳಗೆ ನೋಡಿದ್ರಾ.

"ಬೀಗಿತ್ತಿ," ಎಂದಳು ಬುರುಲ್, ಬಹಳ ನಿಧಾನವಾಗಿ, "ಎಲ್ಲಿಟ್ಟಿದ್ರಿ?"

ಕುಮುಶ್ ಎದ್ದು ಅಂಗಳಕ್ಕೆ ನಡೆದೇಬಿಟ್ಟಳು. ಎಲ್ಲರೂ ಹಿಂದೆ ಓಡಿದರು. ಅವಳು ಎಡಬಾಗಿಲು ತೆರೆದು, ನಾಯಿಯನ್ನು ಮೊಣಕೈಯಿಂದ ತಳ್ಳಿ, ಇರಿಸ್‌ಬೆಕ್ ಪ್ರಾಣದಂತೆ ಕಾದಿದ್ದ ಪ್ಲಾಸ್ಟಿಕ್ಕನ್ನು ಒಂದೇ ಎಳೆತಕ್ಕೆ ಪರ್ರನೆ ಹರಿದು, ಸೀಟಿನ ಕೆಳಗೆ ಹೆಗಲವರೆಗೆ ಕೈ ತೂರಿಸಿದಳು. ಹೊರಗೆ ಬಂದದ್ದು ಬಿಳಿ ಬಟ್ಟೆಯ ದಪ್ಪ ಗಂಟು. ಬಿಚ್ಚಿದಳು. ಕುದುರೆಯ ಕರುಳಿಗೆ ಅದರದೇ ಮಾಂಸ ತುಂಬಿದ ತೋಳುದ್ದದ ಸಾಸೇಜು ಸುರುಳಿ ಸುತ್ತಿ ಮಲಗಿತ್ತು, ಹೊಗೆಗೆ ಕಂದಿ ಫಳಫಳ ಹೊಳೆಯುತ್ತ. ಒಂದು ಇಲಿಯೂ ಮುಟ್ಟಿರಲಿಲ್ಲ.

"ಹೇಳಬಾರದಿತ್ತಾ ತಾಯಿ?" ಎಂದ ದುಯ್‌ಶೋನ್ ಹೆಂಡತಿಗೆ.

"ಹೇಗೆ ಹೇಳ್ಲಿ? ನಿಮ್ಮ ಅಕ್ಕ ಅಂಗಳದಲ್ಲೇ ನಿಂತಿದ್ರು. ವರ್ಷದ ಮೊದಲನೇ ಸಾಸೇಜು ತನಗೇ ಬರತ್ತೆ ಅಂತ ಚೀಲ ಹಿಡ್ಕೊಂಡು ಬಂದಿದ್ರು. ಅವರಿಗೆ ಕಾಣದ ಹಾಗೆ ಒಳಕ್ಕೆ ತಳ್ಳಿದೆ. ಬುರುಲ್ ಕಾರು ಗುಡಿಸ್ವಾಗ ಸಿಗತ್ತೆ ಅಂದ್ಕೊಂಡೆ. ಕೊಟ್ಟದ್ದನ್ನ ಡಂಗುರ ಹೊಡೆಯೋದು ನಮ್ಮ ಮನೇಲಿಲ್ಲ." ಅವಳ ದನಿ ಈಗ ಮೆತ್ತಗಾಗತೊಡಗಿತ್ತು. "ಪಕ್ಕದ ಮನೆಗೆ ಖಾಲಿ ಬಟ್ಟಲು ವಾಪಸ್ ಕಳಿಸಲ್ಲ ನಾವು. ಬೀಗರಿಗೆ ಖಾಲಿ ಕಾರು ಕಳಿಸ್ತೀನಾ?"

ಬುರುಲ್ ಗಂಡನ ಕಡೆ ನೋಡಿದಳು. ಪೊರಕೆ ಹಿಡಿದು ಬಂದಾಗ ಬಾಗಿಲಲ್ಲಿ ತಡೆದ ಆ ಗಂಡನ ಕಡೆ. ಕೆಲವು ನೋಟಗಳಿಗೆ ಮಾತಿನ ಒಗ್ಗರಣೆ ಬೇಕಾಗುವುದಿಲ್ಲ. ಇರಿಸ್‌ಬೆಕ್ ಕೆಮ್ಮಿ, ಸಾಸೇಜಿನ ಮೇಲೆ ಬಗ್ಗಿದ.

"ಯಾವ ಕುದುರೆದು?"

"ನಿಮ್ಮದೇ. ಇನ್ಯಾರದ್ದು?" ಎಂದಳು ಕುಮುಶ್.

ಇರಿಸ್‌ಬೆಕ್ ಟೋಪಿ ತೆಗೆದ. "ಅಂದ್ರೆ ಇಷ್ಟು ದಿನ ಅವಳು ನನ್ನ ಜೊತೆನೇ ಕಚೇರಿಗೆ ಬಂದು ಹೋಗ್ತಿದ್ಲು," ಎಂದ. ದುಯ್‌ಶೋನ್ ಮೊದಲು ತುಟಿ ಕಚ್ಚಿದ, ಆಮೇಲೆ ಬೇಲಿ ಹಿಡಿದುಕೊಂಡ, ಆಮೇಲೆ ಬೇಲಿಯೂ ಸಾಲದಾಗಿ ಕೂತುಬಿಟ್ಟ. ನಗು ನಿಂತ ಮೇಲೆ, ಆ ದಿಂಬು ಯಾಕೆ ಎಂದು ಕೇಳಿದ. ಇರಿಸ್‌ಬೆಕ್ ದೀಪದಿಂದ ಹಿಡಿದು ಪೊಲೀಸಿನವನವರೆಗೆ ಎಲ್ಲ ಹೇಳಿದ. ದುಯ್‌ಶೋನ್ ಮತ್ತೆ ಕೂತ.

ಕೊನೆಗೆ ಅವನೇ ಕಾರಿನ ಕೀಲಿ ತೆಗೆದಿಟ್ಟು ಸೀಟಿನ ಕೆಳಗೆ ತಲೆ ಹಾಕಿದ. ಹಳದಿ ಬಣ್ಣದ ತಂತಿಯ ಕೊಂಡಿಯೊಂದು ಗೂಡಿನಿಂದ ಅರ್ಧ ಹೊರಗೆ ಬಂದಿತ್ತು. ಕುಮುಶ್ ತಳ್ಳಿದ ರಭಸಕ್ಕೆ ಸಾಸೇಜು ಅದನ್ನು ಸಡಿಲಿಸಿತ್ತು, ಕಣಿವೆಯ ಗುಂಡಿಗಳು ಉಳಿದ ಕೆಲಸ ಮುಗಿಸಿದ್ದವು. ಅವನು ಒತ್ತಿದ; ಟಕ್ ಎಂದಿತು. ಕೀಲಿ ತಿರುಗಿಸಿದ. ಎಲ್ಲರೂ ಕಿಟಕಿಯೊಳಗೆ ಮುಖ ತೂರಿಸಿ ನೋಡಿದರು. ಕೆಂಪು ದೀಪ ಹತ್ತಿತು. ಆರಿತು.

ಎಷ್ಟೋ ದಿನದಿಂದ ಬುರುಲ್‌ಳ ಎದೆಯ ಮೇಲಿದ್ದ ರುಬ್ಬುಗುಂಡನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಕಾರು ಗುದ್ದಿಲ್ಲ, ಸೀಟಿನಲ್ಲಿ ಜಪಾನಿನ ಸತ್ತವನಿಲ್ಲ, ಬೀಗರು ಸುಳ್ಳರಲ್ಲ. ಹಿಂದಿನಿಂದ ಯಾರೋ ಅವಳ ತೋಳು ಹಿಡಿದರು. ಮಗಳು. ತಲೆವಸ್ತ್ರ ಹಿಂದಕ್ಕೆ ಸರಿದಿತ್ತು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಒಂದೇ ಮುಖದಲ್ಲಿ ನಡೆದಿತ್ತು. "ಬನ್ನಿ ಒಳಗೆ, ಚಹ ಆರಿಹೋಯ್ತು," ಎಂದು ಕುಮುಶ್ ಇಬ್ಬರನ್ನೂ ಒಟ್ಟಿಗೇ ಗದರಿದಳು.

ಆ ದಿನ ಬುರುಲ್ ಎಷ್ಟು ಬಟ್ಟಲು ಚಹ ಕುಡಿದಳೋ ಅವಳಿಗೇ ಗೊತ್ತಿಲ್ಲ. ಎಲ್ಲವೂ ಅರ್ಧರ್ಧವೇ. ಒಮ್ಮೆ ನಾಜಿಕ್ ಮೈಮರೆತು ಮುಕ್ಕಾಲು ಸುರಿದಾಗ ಕುಮುಶ್ ಬಟ್ಟಲು ಕಸಿದು, "ನಿಮ್ಮಮ್ಮನ್ನ ಓಡಿಸ್ತೀಯಾ?" ಎಂದು ತಾನೇ ಚೆಲ್ಲಿ ಬಂದಳು. ಒಲೆಯ ಮೇಲೆ ಇನ್ನೊಂದು ಸಾಸೇಜು ಬೇಯುತ್ತಿತ್ತು. ಸೀಟಿನ ಕೆಳಗಿನದನ್ನು ಕತ್ತರಿಸಲು ಕುಮುಶ್ ಬಿಡಲಿಲ್ಲ; ಅದು ಕೊಚ್ಕೋರಿಗೆ ಸೇರಿದ್ದು.

ಹೊರಡುವಾಗ ಬುರುಲ್ ರೂಢಿಯಂತೆ ಹಿಂದಿನ ಬಾಗಿಲಿಗೆ ಕೈ ಹಾಕಿದಳು. ಕುಮುಶ್ ಆ ಬಾಗಿಲು ಮುಚ್ಚಿ, ಮುಂದಿನದನ್ನು ತೆರೆದಳು. "ಪ್ಲಾಸ್ಟಿಕ್ ಹರಿದದ್ದು ಮತ್ತೆ ಯಾಕಂತೆ?"

ಬುರುಲ್ ಕೂತಳು. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ತಬ್ಬಿದಳು. ದೊಲೋನ್ ಕಣಿವೆ ಇಡೀ ಗಾಜಿನ ತುಂಬ ಎದುರಿಗೆ ಬಂತು: ಹಿಮ, ರಸ್ತೆ, ದೂರದಲ್ಲಿ ಕುದುರೆಗಳ ಸಾಲು. ನಡುವೆ ಯಾರ ಕಿವಿಯೂ ಇರಲಿಲ್ಲ.

ಇರಿಸ್‌ಬೆಕ್ ಆಗಾಗ ಅವಳ ಕಡೆ ಓರೆನೋಟ ಹಾಕುತ್ತಿದ್ದ.

"ಏನು ನೋಡ್ತೀರಾ? ರಸ್ತೆ ನೋಡಿ."

"ಏನಿಲ್ಲ," ಎಂದ ಅವನು. "ದೀಪ ಆರಿತು. ಚಿತ್ರ ಮಾತ್ರ ಇಳಿದು ಬಂದು ಪಕ್ಕದಲ್ಲಿ ಕೂತಿದೆ."

ಬುರುಲ್ ಗಂಟನ್ನು ಇನ್ನೊಂದಿಷ್ಟು ಹತ್ತಿರಕ್ಕೆಳೆದುಕೊಂಡು, ಇನ್ನೂ ಎದೆಗೆ ದಿಂಬು ಕಟ್ಟಿಕೊಂಡಿದ್ದ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಇಬ್ಬರು ಕೂತಿದಾರೆ," ಎಂದಳು.